ಕೆರೆದರೆ ಹುಣ್ಣು

— ಚಿಕ್ಕಪ್ಪ, ನಿಮ್ಮನೇಲಿ ಬಿಳಿ ಟೂತ್‌ಪೇಸ್ಟ್ ಇದೆಯಾ? ಜೆಲ್ ಆಗಬಾರದಂತೆ.

— ಈ ಮಳೇಲಿ ಶಿವಮೊಗ್ಗದಿಂದ ಬಸ್ಸು ಹತ್ತಿ ಸಾಗರಕ್ಕೆ ಬಂದಿದ್ದು ಹಲ್ಲುಜ್ಜೋಕಾ?

— ಹಲ್ಲಿಗಲ್ಲ. ಮೊದಲು ಬೈಯಲ್ಲ ಅಂತ ಹೇಳಿ.

— ಬೈಯೋದು ಆಮೇಲಿನ ಮಾತು. ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡಿದ್ದೀಯಲ್ಲ, ಅದನ್ನ ಬಿಚ್ಚು. ಓಹೋ, ನನ್ನ ಐವತ್ತು ಎಂಎಂ.

— ಕೊಟ್ಟಾದ ಮೇಲೆ ನಂದು ಅಂದಿದ್ರಿ.

— ನಿಂದೇ, ಯಾರು ಇಲ್ಲ ಅಂದ್ರು? ಏನು ಮಾಡಿದೆ ಅದಕ್ಕೆ?

— ಹೋದ ತಿಂಗಳು ಜೋಗಕ್ಕೆ ಹೋಗಿದ್ವಿ. ಗಾಳಿ ತಿರುಗಿ ಹನಿಯೆಲ್ಲ ಲೆನ್ಸಿನ ಮೇಲೆ ಬಂತು. ವೇಲಿನ ತುದಿಯಲ್ಲಿ ಒರೆಸಿದೆ. ಮನೆಗೆ ಬಂದು ನೋಡಿದ್ರೆ ನಡುವೆ ಕೂದಲೆಳೆಯ ಹಾಗೆ ಒಂದು ಗೀರು. ಕೊಳೆ ಇರಬಹುದು ಅಂತ ಸ್ಯಾನಿಟೈಸರ್ ಹಾಕಿ ಇನ್ನೊಂದಿಷ್ಟು ತಿಕ್ಕಿದೆ. ಆಗ ಅಂಚಿನಲ್ಲಿ ಒಂದು ಚಕ್ಕೆಯೇ ಎದ್ದುಹೋಯ್ತು. ಸಾಸಿವೆ ಕಾಳಿನಷ್ಟು. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಇಲ್ಲ ಚಿಕ್ಕಪ್ಪ.

— ಚಕ್ಕೆ ಎದ್ದುಹೋಯ್ತಾ? ಸ್ಯಾನಿಟೈಸರಿಗೆ? ಕೊಡಿಲ್ಲಿ. ಆ ಭೂತಗನ್ನಡಿ ತಗೋ, ಕಿಟಕಿ ಹತ್ತಿರ ಬಾ. ಹೂಂ... ಗೊತ್ತಾಯ್ತು. ಚಕ್ಕೆಯ ಕತೆ ಕೊನೆಗೆ ಹೇಳ್ತೀನಿ. ಪೇಸ್ಟ್ ಹಾಕು ಅಂತ ಹೇಳಿದ ಮಹಾನುಭಾವ ಯಾರು?

— ಎಲ್ಲರೂ ಹೇಳ್ತಾರೆ. ಅಪ್ಪನೇ ಹೇಳಿದ್ರು. ಅವರ ಎಚ್‌ಎಂಟಿ ಜನತಾ ವಾಚಿನ ಗಾಜು ಮಂಕಾಗಿತ್ತು, ಅರ್ಧ ಗಂಟೆ ಪೇಸ್ಟ್ ಹಾಕಿ ಉಜ್ಜಿದ್ರು, ಹೊಸದರ ಹಾಗೆ ಫಳಫಳ ಅಂತು.

— ಆ ವಾಚಿಗಿರೋದು ಗಾಜಲ್ಲವೇ ಮಾರಾಯ್ತಿ, ಆಕ್ರಿಲಿಕ್ ಪ್ಲಾಸ್ಟಿಕ್ಕು. ಪೇಸ್ಟಿನೊಳಗೆ ಸುಣ್ಣದ ಕಲ್ಲಿನ ಪುಡಿಯೋ ಸಿಲಿಕಾವೋ ಇರುತ್ತೆ. ಮೆತ್ತನೆ ಪ್ಲಾಸ್ಟಿಕ್ಕು ಅದಕ್ಕೆ ಸವೆದು, ಗೀರಿನ ಅಕ್ಕಪಕ್ಕ ಇಳಿದು, ಎಲ್ಲ ಒಂದೇ ಮಟ್ಟ ಆಗುತ್ತೆ. ನಿಮ್ಮಪ್ಪ ಮಾಡಿದ್ದು ಸರಿಯೇ. ಆದರೆ ವಾಚಿನ ಮುಚ್ಚಳದ ಕೆಲಸ ಮುಳ್ಳಿನ ಮೇಲೆ ಧೂಳು ಬೀಳದ ಹಾಗೆ ಕಾಯೋದು. ಅದು ಎಲ್ಲೋ ಒಂದು ಕಡೆ ಒಂದಿಷ್ಟು ಹೆಚ್ಚು ಸವೆದರೂ ಗಂಟೆ ತಪ್ಪೋದಿಲ್ಲ.

— ಗಾಜಿಗೆ ಪೇಸ್ಟು ತಾಗೋದೇ ಇಲ್ಲ ಅಂತಾದ್ರೆ ಹಚ್ಚಿದ್ರೂ ನಷ್ಟವೇನು?

— ಗಾಜಿಗಿಂತ ಮೊದಲು ತಾಗೋದು ಗಾಜಿನ ಮೇಲಿರೋದಕ್ಕೆ. ಟ್ಯೂಬ್‌ಲೈಟಿನ ಕೆಳಗೆ ಲೆನ್ಸನ್ನ ಸ್ವಲ್ಪ ಓರೆಯಾಗಿ ಹಿಡಿ. ಲೈಟಿನ ಪ್ರತಿಬಿಂಬ ಯಾವ ಬಣ್ಣ ಕಾಣ್ತಿದೆ?

— ಒಂದು ನೇರಳೆ. ಅದರ ಹಿಂದೆ ಜೇನಿನ ಬಣ್ಣದ್ದು ಇನ್ನೊಂದು. ನವಿಲುಗರಿ ನೋಡಿದ ಹಾಗಿದೆ.

— ಅದೇ ಕೋಟಿಂಗು. ಸಾದಾ ಗಾಜಿನ ಒಂದೊಂದು ಮೇಲ್ಮೈಯೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನ ವಾಪಸ್ ಎಸೆಯುತ್ತೆ. ಇಂಥ ಲೆನ್ಸಿನಲ್ಲಿ ಗಾಳಿ ಮತ್ತು ಗಾಜು ಸೇರೋ ಮೇಲ್ಮೈ ಹತ್ತಿವೆ ಅಂತಿಟ್ಟುಕೋ. ನಾಲ್ಕು ನಾಲ್ಕು ಅಂತ ಹತ್ತು ಸಲ ಕಳೀತಾ ಹೋದರೆ ಮೂರರಲ್ಲೊಂದು ಪಾಲು ಬೆಳಕು ದಾರಿಯಲ್ಲೇ ಖರ್ಚು. ಹೋದದ್ದು ಸುಮ್ಮನೆ ಹೋಗೋದೂ ಇಲ್ಲ. ಒಳಗೊಳಗೇ ಗಾಜಿಂದ ಗಾಜಿಗೆ ಪುಟಿದು, ಅದರಲ್ಲಿ ಒಂದಿಷ್ಟು ಚಿತ್ರದ ಮೇಲೇ ಮಂಜಾಗಿ ಕೂರುತ್ತೆ. 1935ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ ಇದಕ್ಕೊಂದು ಪೇಟೆಂಟ್ ಮಾಡಿದ. ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ಗಾಜಿನ ಮೇಲೆ ತೆಳುವಾದ ಪದರ ಕೂರಿಸೋದು. ಮೆಗ್ನೀಸಿಯಂ ಫ್ಲೋರೈಡಿನ ಪದರವಾದರೆ ಅದರ ದಪ್ಪ ಸುಮಾರು 100 ನ್ಯಾನೋಮೀಟರ್. ನಿನ್ನ ತಲೆಗೂದಲನ್ನ ಉದ್ದಕ್ಕೆ ಏಳುನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು. ಪೇಸ್ಟಿನ ಒಂದು ಕಣವೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಗೀರು ಹೋಗೋ ಮೊದಲು ನೇರಳೆ ಬಣ್ಣ ಹೋಗುತ್ತೆ.

— ನೀವು ಇಷ್ಟು ಖಚಿತವಾಗಿ ಹೇಳ್ತೀರಿ ಅಂದ್ರೆ ಒಂದು ಸಲ ಕೈ ಸುಟ್ಟುಕೊಂಡಿರಬೇಕು.

— ಸುಟ್ಟುಕೊಂಡೆ. 1981. ಸ್ಟುಡಿಯೋ ಶುರು ಮಾಡಿ ಮೂರು ವರ್ಷ ಆಗಿತ್ತು. ಒಂದು 135 ಎಂಎಂ ಟೆಲಿ ಲೆನ್ಸು, ಸೆಕೆಂಡ್ ಹ್ಯಾಂಡು. ಮುಂದಿನ ಗಾಜಿನಲ್ಲಿ ಒಂದೇ ಒಂದು ಗೀರು. ಫೋಟೋದಲ್ಲಿ ಏನೂ ಕಾಣ್ತಿರಲಿಲ್ಲ, ಆದರೆ ಗಿರಾಕಿ ಎದುರು ಕ್ಯಾಮೆರಾ ಹಿಡಿದಾಗ ನಂಗೆ ಅದೇ ಕಾಣ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಕೆಂಪು ಹಲ್ಲುಪುಡಿಗೆ ನೀರು ಕಲಸಿ, ಹಳೇ ಬನಿಯನ್ ತುಂಡಿನಲ್ಲಿ ಗುಂಡಗೆ ಗುಂಡಗೆ ತಿಕ್ಕಿದೆ. ಒಂದು ಗಂಟೆ. ತೊಳೆದು ನೋಡಿದ್ರೆ ಗೀರು ಇದ್ದಲ್ಲೇ ಇದೆ. ಸುತ್ತ ಎಂಟಾಣೆ ಅಗಲಕ್ಕೆ ಮುದುಕರ ಕಣ್ಣಿನ ಪೊರೆ ಥರ ಒಂದು ಮಂಕು. ಮೂಗಿಗೆ ನೆಗಡಿಯಾಯ್ತು ಅಂತ ಮೂಗನ್ನೇ ಕೊಯ್ದುಕೊಂಡಾಗಿತ್ತು.

— ಎಸೆದ್ರಾ?

— ಎಸೆಯೋದೇ? ದುಡ್ಡು ಕೊಟ್ಟಿದ್ದೆ. ಮದುವಣಗಿತ್ತಿಯರ ಫೋಟೋಕ್ಕೆ ಇಟ್ಟುಕೊಂಡೆ. ಮುಖದ ಮೇಲಿನ ಮೊಡವೆಯೆಲ್ಲ ಕರಗಿ ಮಂಜಿನಲ್ಲಿ ನಿಂತ ಹಾಗೆ ಬರ್ತಿತ್ತು. ಬೇರೆ ಸ್ಟುಡಿಯೋದವರು ಫಿಲ್ಟರಿಗೆ ವ್ಯಾಸಲೀನ್ ಸವರಿ ಪಡೆಯೋ ಚೆಂದ ನಂಗೆ ಹಲ್ಲುಪುಡಿಯಲ್ಲೇ ಬಂದಿತ್ತು. ಆ ಲೆನ್ಸಲ್ಲೇ ತೆಗೀರಿ ಅಂತ ಕೇಳಿಕೊಂಡು ಬರೋರೂ ಇದ್ರು. ಇದನ್ನ ಕೇಳಿ ನೀನು ಪೇಸ್ಟಿಗೆ ಕೈ ಹಾಕಬೇಡ ಮತ್ತೆ.

— ಪೇಸ್ಟ್ ಬಿಡಿ. ಲೆನ್ಸ್ ತಯಾರು ಮಾಡೋರು ಬಳಸೋ ಸೀರಿಯಂ ಆಕ್ಸೈಡ್ ಪುಡಿ ತರಿಸಿದ್ರೆ? ಅದು ಗಾಜಿಗೇ ಅಂತ ಇರೋದಲ್ವಾ?

— ಪುಡಿ ಸರಿಯಾದ್ದೇ. ಕೈ ಸರಿಯಾದ್ದಲ್ಲ. ನಮ್ಮ ಕಾಲೇಜಿನಲ್ಲಿ ಒಬ್ಬ ಫಿಸಿಕ್ಸ್ ಮೇಷ್ಟ್ರಿದ್ರು. ಟೆಲಿಸ್ಕೋಪ್ ಮಾಡ್ತೀನಿ ಅಂತ ಆರು ಇಂಚಿನ ಗಾಜು ತಂದು ನನ್ನ ಡಾರ್ಕ್‌ರೂಮಿನಲ್ಲೇ ಉಜ್ಜೋಕೆ ಕೂತ್ರು. ಮೊದಲು ಕಾರ್ಬೊರಂಡಂ, ದಪ್ಪದ್ದರಿಂದ ಸಣ್ಣದಕ್ಕೆ. ಆಮೇಲೆ ಪಾಲಿಶ್. ಅದನ್ನ ಬಟ್ಟೆಯಲ್ಲಿ ಮಾಡೋದಲ್ಲ, ಪಿಚ್ ಅಂತ ದಾಂಬರಿನ ಜಾತಿಯ ಅಂಟು ಇರುತ್ತೆ, ಅದರ ಬಿಲ್ಲೆ ಎರೆದು ಅದರ ಮೇಲೆ ಮಾಡೋದು. ನ್ಯೂಟನ್ ತನ್ನ ಟೆಲಿಸ್ಕೋಪಿನ ಲೋಹದ ಕನ್ನಡಿಗೆ ಪಿಚ್ಚಿನಲ್ಲೇ ಪಾಲಿಶ್ ಕೊಟ್ಟಿದ್ದ. 1704ರ ಅವನ ‘ಆಪ್ಟಿಕ್ಸ್’ ಪುಸ್ತಕದಲ್ಲಿ ಅದರ ವಿವರ ಇದೆ. ಪಿಚ್ ಗಾಜಿನ ಆಕಾರಕ್ಕೆ ತಾನೇ ನಿಧಾನ ಒಗ್ಗಿಕೊಳ್ಳುತ್ತೆ. ಬಟ್ಟೆ ಸುತ್ತಿದ ಬೆರಳು ಹಾಗಲ್ಲ, ಒತ್ತಿದಲ್ಲಿ ಹೊಂಡ ಮಾಡುತ್ತೆ.

— ಅಷ್ಟು ಸಣ್ಣ ಹೊಂಡ ಗೊತ್ತಾಗುತ್ತಾ?

— ಗೊತ್ತಾಗೋ ಹಾಗೆ ಮೇಷ್ಟ್ರು ತೋರಿಸಿದ್ರು. 1858ರ ಸುಮಾರಿಗೆ ಫ್ರಾನ್ಸಿನ ಫೂಕೋ ಹುಡುಕಿದ ಪರೀಕ್ಷೆ. ಸೂಜಿ ತೂತಿನಿಂದ ಬರೋ ಬೆಳಕನ್ನ ಕನ್ನಡಿಗೆ ಬಿಡಬೇಕು. ಅದು ವಾಪಸ್ ಬಂದು ಕೂಡೋ ಜಾಗಕ್ಕೆ ಸರಿಯಾಗಿ ಒಂದು ಶೇವಿಂಗ್ ಬ್ಲೇಡು ಅಡ್ಡ ತರಬೇಕು. ಆಗ ಕನ್ನಡಿಯ ಮೇಲ್ಮೈ ಸಂಜೆ ಬಿಸಿಲಿನಲ್ಲಿ ಗುಡ್ಡ ನೋಡಿದ ಹಾಗೆ, ಒಂದು ಮಗ್ಗುಲು ಬೆಳಕು ಒಂದು ಮಗ್ಗುಲು ನೆರಳು. ಮೇಷ್ಟ್ರು ನಂಗೆ, ಕನ್ನಡಿಯ ಮೇಲೆ ಹೆಬ್ಬೆರಳಿಟ್ಟು ಒಂದು ನಿಮಿಷ ಹಿಡ್ಕೋ ಅಂದ್ರು. ತೆಗೆದು ಬ್ಲೇಡಿನ ಹಿಂದಿಂದ ನೋಡಿದ್ರೆ, ಬೆರಳಿಟ್ಟಲ್ಲಿ ಒಂದು ಗುಡ್ಡ ಎದ್ದಿದೆ! ಬೆರಳಿನ ಬಿಸಿಗೆ ಗಾಜು ಉಬ್ಬಿತ್ತು, ಅಷ್ಟೇ. ನೋಡ್ತಾ ನೋಡ್ತಾ ಆರಿ ಇಳಿದುಹೋಯ್ತು. ಅವತ್ತು ರಾತ್ರಿ ನನ್ನ ಹಲ್ಲುಪುಡಿಯ ಭಾನುವಾರ ನೆನಪಾಗಿ ನಂಗೆ ನಾಚಿಕೆಯಾಯ್ತು. ಸುಮ್ಮನೆ ಇಟ್ಟ ಬೆರಳು ಗುಡ್ಡ ಎಬ್ಬಿಸೋದಾದ್ರೆ, ಒಂದು ಗಂಟೆ ತಿಕ್ಕಿದ ಬೆರಳು ಎಂಥ ಕಣಿವೆ ತೋಡಿರಬೇಡ?

— ಪಾಲಿಶ್ ಚೆನ್ನಾಗಿ ಬಂದು ಆಕಾರ ಮಾತ್ರ ತಪ್ಪಿದರೂ ಕೆಟ್ಟಿತು ಅನ್ನಿ.

— ಹಬಲ್ ದೂರದರ್ಶಕಕ್ಕೆ ಆದದ್ದೂ ಅದೇ ತಾನೆ. 2.4 ಮೀಟರ್ ಕನ್ನಡಿ, ನುಣುಪಿಗೆ ಹೆಸರು ಇಡೋ ಹಾಗಿರಲಿಲ್ಲ. ಆದರೆ ಅಂಚಿನ ಹತ್ತಿರ 2.2 ಮೈಕ್ರಾನ್ ಹೆಚ್ಚು ಚಪ್ಪಟೆ. 1990ರಲ್ಲಿ ಹಾರಿಸಿದ ಮೇಲೆ ಚಿತ್ರಗಳು ಕಲಸಿಕೊಂಡು ಬಂದವು. 1993ರಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಕನ್ನಡಕ ಹಾಕಿದ ಹಾಗೆ ತಿದ್ದುವ ಸಾಮಾನು ಕೂರಿಸಿ ಬಂದರು. ಕನ್ನಡಿಯನ್ನ ಮತ್ತೆ ಉಜ್ಜೋಕೆ ಯಾರೂ ಹೋಗಲಿಲ್ಲ.

— ಹಾಗಾದ್ರೆ ಈ ಗೀರು?

— ನಿನ್ನ ಕ್ಯಾಮೆರಾ ತಂದಿದ್ದೀಯಲ್ಲ, ಹಾಕು ಅದಕ್ಕೆ. ಆ ಬೀರುವಿನ ಕೆಳಗಿನ ಖಾನೆಯಲ್ಲಿ ಬ್ರೋಮೈಡ್ ಪೇಪರಿನ ಹಳೇ ಪೊಟ್ಟಣ ಇದೆ, ಕಪ್ಪು ಕಾಗದದ್ದು. ಅದರಿಂದ ಒಂದು ತುಂಡು ಕತ್ತರಿಸು, ತೊಗರಿಬೇಳೆ ಗಾತ್ರಕ್ಕೆ. ಸಾದಾ ಯುವಿ ಫಿಲ್ಟರಿನ ನಟ್ಟನಡುವೆ ಅಂಟಿಸಿ ಲೆನ್ಸಿನ ಮುಂದೆ ತಿರುಗಿಸು. ಅಪರ್ಚರ್ 1.8ಕ್ಕೆ ಇಟ್ಟು ಎದುರಿನ ಕ್ಯಾಲೆಂಡರ್ ತೆಗಿ.

— ತೆಗೆದೆ. ಅರೆ, ಬೇಳೆ ಕಾಣ್ತಾನೇ ಇಲ್ಲ! ಅಮಾವಾಸ್ಯೆ ಗುರುತು ಕೂಡ ಓದಬಹುದು.

— ಈಗ 16ಕ್ಕೆ ಇಟ್ಟು, ಕಿಟಕಿಯಾಚೆ ಬರೀ ಮೋಡ ತೆಗಿ.

— ಓ... ನಡುವೆ ಕಪ್ಪಗೆ ಮಸಿ ಚೆಲ್ಲಿದ ಹಾಗಿದೆ.

— ಲೆಕ್ಕ ಹಾಕು. 1.8ರಲ್ಲಿ ಬೆಳಕು ಒಳಗೆ ಬರೋ ಬಾಗಿಲು 28 ಮಿಲಿಮೀಟರ್ ಅಗಲ, ಅಂದರೆ 600 ಚದರ ಮಿಲಿಮೀಟರ್ ಚಿಲ್ಲರೆ. ನಿನ್ನ ಗೀರು ಉದ್ದ ಎಂಟು ಮಿಲಿಮೀಟರ್, ಅಗಲ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು ಅಂತ ಹಿಡಿ. ಸಾವಿರದ ಐನೂರರಲ್ಲಿ ಒಂದು ಪಾಲು ಬೆಳಕಿಗೆ ಅಡ್ಡಿ. ಅದೂ ಗೀರಿನ ರೂಪದಲ್ಲಿ ಎಲ್ಲೂ ಮೂಡೋದಿಲ್ಲ, ಯಾಕಂದ್ರೆ ಚಿತ್ರದ ಒಂದೊಂದು ಚುಕ್ಕೆಗೂ ಬೆಳಕು ಇಡೀ ಬಾಗಿಲಿನಿಂದ ಬರುತ್ತೆ. 16ರಲ್ಲಿ ಬಾಗಿಲು ಬರೀ ಮೂರು ಮಿಲಿಮೀಟರ್. ಅಲ್ಲಿ ಅದೇ ಗೀರು ನೂರಕ್ಕೆ ಎರಡು ಪಾಲು ತಿನ್ನುತ್ತೆ. ಗೀರು ಬಿದ್ದ ಲೆನ್ಸಿಗೆ ಮೊದಲ ಔಷಧ ಇದೇ: ಬಾಗಿಲು ಅಗಲ ಇಟ್ಟುಕೋ. 5.6, 8ರ ಆಚೆ ಸುಮ್ಮಸುಮ್ಮನೆ ಹೋಗಬೇಡ. ಹಿಂದಿನ ಗಾಜಿಗೆ ಗೀರು ಬಿದ್ದಿದ್ದರೆ ಇಷ್ಟು ಧೈರ್ಯ ಹೇಳ್ತಿರಲಿಲ್ಲ. ಅಲ್ಲಿ ಬೆಳಕು ಕಿರಿದಾಗಿ ಚಿತ್ರದ ಹತ್ತಿರ ಬಂದಿರುತ್ತೆ.

— ಮೊಬೈಲಿನ ಕ್ಯಾಮೆರಾ ಗೀರಿದ್ರೂ ಇದೇ ಲೆಕ್ಕಾನಾ?

— ಅದರ ಮೇಲಿರೋದು ಲೆನ್ಸಲ್ಲ, ಚಪ್ಪಟೆ ಕಾವಲು ಗಾಜು. ಅಂಗಡಿಗೆ ಕೊಟ್ಟು ಬದಲಾಯಿಸು, ಮುಗೀತು. ಅಯ್ಯೋ, ಕರೆಂಟ್ ಹೋಯ್ತು.

— ಮೇಣದಬತ್ತಿ ಎಲ್ಲಿದೆ?

— ಬೇಡ, ಒಳ್ಳೇದೇ ಆಯ್ತು. ಮಬ್ಬಾಗಿದೆ. ಟಾರ್ಚ್ ಹಚ್ಚಿ ಅಡುಗೆಮನೆ ಹೊಸ್ತಿಲ ಮೇಲೆ ನಮ್ಮ ಕಡೆ ಮುಖ ಮಾಡಿ ಇಡು. ಈಗ ಫೋಟೋ ತೆಗಿ. ಏನಿದೆ?

— ಟಾರ್ಚಿಂದ ಉದ್ದಕ್ಕೆ ಒಂದು ಬೆಳಕಿನ ಬಾಲ ಎದ್ದಿದೆ. ಅದಲ್ಲದೆ ಚಿತ್ರವೆಲ್ಲ ಸ್ವಲ್ಪ ಬೆಳ್ಳಗಿದೆ, ಹೊಗೆ ತುಂಬಿದ ಹಾಗೆ.

— ಗೀರು ಯಾವ ಕಡೆಗಿದೆ ನೋಡು, ಅಡ್ಡಕ್ಕಿದೆ. ಬಾಲ ಅದಕ್ಕೆ ಸರಿಯಾಗಿ ಲಂಬವಾಗಿ ಎದ್ದಿದೆ. ಮೊಬೈಲಿನ ಮೇಲೆ ಬೆರಳಿನ ಜಿಡ್ಡು ಒಂದೇ ದಿಕ್ಕಿಗೆ ಒರೆಸಿದಾಗ ಬೀದಿದೀಪಗಳಿಗೆ ಬಾಲ ಬರೋದೂ ಹೀಗೇ. ಗೀರಿನ ನಿಜವಾದ ತಕರಾರು ಇಷ್ಟೇ. ಎದುರು ಬೆಳಕಿದ್ದಾಗ ಅದನ್ನ ಚೆದುರಿಸುತ್ತೆ. ಹುಡ್ ಹಾಕು. ಇಲ್ಲಾಂದ್ರೆ ಅಂಗೈ ಅಡ್ಡ ಹಿಡಿದು ಲೆನ್ಸಿನ ಮೇಲೆ ನೆರಳು ಮಾಡು. ಸೂರ್ಯ ಬೆನ್ನಿಗಿದ್ರೆ ಈ ಗೀರು ನಿನ್ನ ಲೆನ್ಸಿನಲ್ಲಿ ಇಲ್ಲವೇ ಇಲ್ಲ ಅಂದ್ಕೋ.

— ಗೀರಿನೊಳಗೆ ಏನಾದ್ರೂ ತುಂಬಿದ್ರೆ? ಎಣ್ಣೆ ಥರದ್ದು?

— ಬುದ್ಧಿ ಓಡ್ತಿದೆ ನಿಂಗೆ. ನಾವು ನೆಗೆಟಿವ್ವಿಗೆ ಅದನ್ನೇ ಮಾಡ್ತಿದ್ವಿ. ಎನ್‌ಲಾರ್ಜರಿನಲ್ಲಿ ಇಟ್ಟಾಗ ಫಿಲಂ ಮೇಲಿನ ಗೀರು ಪ್ರಿಂಟಿನಲ್ಲಿ ಬಿಳೀ ದಾರದ ಹಾಗೆ ಬರ್ತಿತ್ತು. ಮೂಗಿನ ಪಕ್ಕದ ಸಂದಿಗೆ ಬೆರಳು ಒತ್ತಿ, ಅಲ್ಲಿನ ಜಿಡ್ಡನ್ನ ಗೀರಿನ ಮೇಲೆ ಮೃದುವಾಗಿ ಸವರೋದು. ಗೀರು ಮಾಯ! ಜಿಡ್ಡು ಮತ್ತು ಫಿಲಮ್ಮು ಬೆಳಕನ್ನ ಹೆಚ್ಚುಕಮ್ಮಿ ಒಂದೇ ಥರ ಬಗ್ಗಿಸ್ತವೆ, ಹಾಗಾಗಿ ಬೆಳಕಿಗೆ ಅಲ್ಲೊಂದು ಹಳ್ಳ ಇದೆ ಅಂತಲೇ ತಿಳಿಯಲ್ಲ. ಅದಕ್ಕೆ ನಮ್ಮ ಕಸುಬಿನವರು ಹೆಚ್ಚಾಗಿ ಮುಖ ತೊಳೆಯೋದು ಸಂಜೆಗೆ ಅಂತ ನಿನ್ನ ಚಿಕ್ಕಮ್ಮ ಹಂಗಿಸ್ತಿದ್ಲು. ಆದರೆ ನೆಗೆಟಿವ್ವಿಗೆ ಹತ್ತು ನಿಮಿಷದ ಕೆಲಸ, ಆಮೇಲೆ ಒರೆಸಿ ಇಡಬಹುದು. ಲೆನ್ಸು ದಾರಿ ಮೇಲೆ ತಿರುಗೋದು. ಎಣ್ಣೆಗೆ ಧೂಳು ಅಂಟುತ್ತೆ, ಬಿಸಿಲಿಗೆ ಹರಡುತ್ತೆ, ಮತ್ತೆ ಒರೆಸ್ತೀಯ, ಮತ್ತೆ ಗೀರ್ತೀಯ.

— ಒರೆಸಿದ್ದೇ ತಪ್ಪು ಅಂತೀರಾ?

— ಒರೆಸಿದ್ದಲ್ಲ, ಊದದೆ ಒರೆಸಿದ್ದು. ವೇಲಿನ ಬಟ್ಟೆಗೆ ಗಾಜು ಗೀರೋ ತಾಕತ್ತು ಎಲ್ಲಿಂದ ಬರಬೇಕು? ಗಟ್ಟಿತನ ಅಳೆಯೋ ಮೋಸ್ ಅಳತೆಯಲ್ಲಿ ಗಾಜು 5.5ರ ಆಸುಪಾಸು, ಬೆಣಚುಕಲ್ಲು 7. ರಸ್ತೆ ಧೂಳಿನಲ್ಲಿ ಬೆಣಚಿನ ಪುಡಿ ಇದ್ದೇ ಇರುತ್ತೆ. ಅಂಥ ಒಂದು ಕಣ ವೇಲಿಗೂ ಲೆನ್ಸಿಗೂ ನಡುವೆ ಸಿಕ್ಕಿಬಿತ್ತು, ನೀನು ಒತ್ತಿ ಎಳೆದೆ. ಮೊದಲು ರಬ್ಬರ್ ಬ್ಲೋವರಿನಲ್ಲಿ ಗಾಳಿ, ಆಮೇಲೆ ಮೆತ್ತನೆ ಬ್ರಷ್ಷು, ಬಟ್ಟೆ ಕೊನೆಗೆ. ಇನ್ನೊಂದು, ಆ ಟವೆಲ್ಲಿನಲ್ಲಿ ಸುತ್ತಿಡೋದು ನಿಲ್ಲಿಸು. ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಒಳಗಿನ ಗಾಜಿಗೆ ಬೂಷ್ಟು ಬರುತ್ತೆ. ಗೀರು ಬೆಳೆಯಲ್ಲ, ಬೂಷ್ಟು ಬೆಳೆಯುತ್ತೆ, ಕೋಟಿಂಗನ್ನೇ ತಿನ್ನುತ್ತೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನೀನು ನಿದ್ದೆ ಕೆಡಬೇಕಿದ್ದದ್ದು ಅದಕ್ಕೆ.

— ಆದರೂ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ ಚಿಕ್ಕಪ್ಪ. ಚೆಂದದ ಗಾಜು.

— ಗಾಜನ್ನ ನೋಡ್ತೀಯ, ಅದಕ್ಕೇ. ಜರ್ಮನಿಯ ಯೇನಾದಲ್ಲಿ ಶಾಟ್ ಅನ್ನೋನು ಹೊಸ ಥರದ ಗಾಜು ಮಾಡಿದಾಗ ಅದರೊಳಗೆ ಸಣ್ಣ ಸಣ್ಣ ಗುಳ್ಳೆ ಉಳೀತಿದ್ವು. ಕೊಂಡವರು ಗುಳ್ಳೆ ನೋಡಿ ಗಾಬರಿಯಾಗೋರು. ಇದರಿಂದ ಚಿತ್ರಕ್ಕೆ ಏನೂ ತೊಂದರೆಯಿಲ್ಲ ಅಂತ ತಯಾರಕರೇ ಸಮಾಧಾನ ಹೇಳಬೇಕಾಗ್ತಿತ್ತು. ಇದಕ್ಕಿಂತ ತಮಾಷೆಯ ಸಂಗತಿ ಇಂಗ್ಲೆಂಡಿನಲ್ಲಿ ಆಯ್ತು. 1890ರ ದಶಕದಲ್ಲಿ ಡೆನ್ನಿಸ್ ಟೇಲರ್ ಅಂತ ಲೆನ್ಸು ವಿನ್ಯಾಸ ಮಾಡೋನು, ವರ್ಷಗಟ್ಟಲೆ ಗಾಳಿಗೆ ಬಿದ್ದು ಗಾಜಿನ ಮೇಲೆ ನೀಲಿ ಕಲೆಗಟ್ಟಿದ್ದ ಹಳೇ ಲೆನ್ಸುಗಳನ್ನ ಪರೀಕ್ಷೆ ಮಾಡಿದ. ಮಾಲೀಕರು ಕೆಟ್ಟುಹೋಯ್ತು ಅಂತ ಮರುಗ್ತಿದ್ದ ಲೆನ್ಸುಗಳವು. ನೋಡಿದ್ರೆ ಹೊಸದಕ್ಕಿಂತ ಅವೇ ಹೆಚ್ಚು ಬೆಳಕು ಬಿಡ್ತಿದ್ವು! ಆ ಕಲೆಯನ್ನೇ ಬೇಕಂತ ಬರಿಸೋಕೆ ಅವನು ಆಸಿಡ್ಡಿನಲ್ಲೆಲ್ಲ ಪ್ರಯತ್ನಪಟ್ಟ. ನೀನೀಗ ನೇರಳೆ ಅಂತ ಕಣ್ಣರಳಿಸಿದೆಯಲ್ಲ, ಅದರ ಮೂಲ ಆ ಕಲೆ. ಯಾರಾದ್ರೂ ಸ್ವಚ್ಛ ಮಾಡ್ತೀನಿ ಅಂತ ಅದನ್ನ ತಿಕ್ಕಿ ತೆಗೆದಿದ್ದರೆ?

— ಟೇಲರಿಗೆ ಕಲೆ ಸಿಕ್ಕಿತು. ನಂಗೆ ಚಕ್ಕೆ ಎದ್ದಿದೆ. ಅದರ ಕತೆ ಕೊನೆಗೆ ಅಂದಿದ್ರಿ.

— ಆ ಆಲ್ಬಮ್ ತಗೋ, ಹಸಿರು ರಟ್ಟಿನದು. ನಿನ್ನ ನಾಮಕರಣ. ತೊಟ್ಟಿಲ ಹತ್ತಿರ ನಿಮ್ಮಜ್ಜಿ ನಗ್ತಿರೋ ಫೋಟೋ ತೆಗಿ. ಟಾರ್ಚ್ ಬಿಟ್ಟು ನೋಡು, ಚಕ್ಕೆ ಎಲ್ಲಿದೆ?

— ಇದರಲ್ಲಿ ಹೇಗಿರುತ್ತೆ ಚಕ್ಕೆ? ಇದು ಇಪ್ಪತ್ತೈದು ವರ್ಷದ ಹಿಂದಿನದು.

— ಚಕ್ಕೆ ಅದಕ್ಕೂ ಹಿಂದಿನದು. 1988, ಒಂದು ಮದುವೆ ಮನೆ. ಅಡಿಕೆ ಒಣಗಿಸೋ ಅಂಗಳದಲ್ಲಿ ಟ್ರೈಪಾಡ್ ನಿಲ್ಲಿಸಿದ್ದೆ. ಒಂದು ಕರು ಹಗ್ಗ ಕಿತ್ತುಕೊಂಡು ಓಡಿ ಬಂತು. ಕ್ಯಾಮೆರಾ ಸಮೇತ ಮುಖ ಅಡಿಯಾಗಿ ಬಿತ್ತು. ಲೆನ್ಸಿನ ಅಂಚಿನಲ್ಲಿ ಸಾಸಿವೆಯಷ್ಟು ಚಕ್ಕೆ. ಸಂಜೆ ಬಂದು, ನೀಟಾಗಿ ಒರೆಸಿ, ಆ ಗುಳಿಗೆ ಇಂಡಿಯನ್ ಇಂಕ್ ತುಂಬಿದೆ. ಒಡೆದ ಗಾಜಿನ ಅಂಚು ಸಾವಿರ ಕಡೆಗೆ ಬೆಳಕು ಎಸೆಯುತ್ತೆ, ಅದನ್ನ ನೇರ ಮಾಡೋಕೆ ನನ್ನಿಂದಾಗಲ್ಲ, ಕುಡಿದುಬಿಡಲಿ ಅಂತ ಕಪ್ಪು ಹಚ್ಚಿದ್ದು. ಬೆಳಕು ಕೂದಲೆಳೆಯಷ್ಟು ಕಡಿಮೆ ಬರುತ್ತೆ, ಹೊಗೆ ಹೋಗುತ್ತೆ. ಅಲ್ಲಿಂದ ಈಚೆಗೆ ನಮ್ಮನೆಯ ಅಷ್ಟೂ ಫೋಟೋ ಆ ಚಕ್ಕೆಯ ಲೆನ್ಸಿನದೇ.

— ಮತ್ತೆ ನಾನು ಸ್ಯಾನಿಟೈಸರ್ ಹಾಕಿದಾಗ...

— ನಾನು ಹಚ್ಚಿದ್ದ ಇಂಕಿನಲ್ಲಿ ಅರಗು ಇತ್ತು. ಸ್ಯಾನಿಟೈಸರಿನ ಆಲ್ಕೋಹಾಲ್ ತಾಗಿ ಕರಗಿಹೋಯ್ತು. ನೀನು ಚಕ್ಕೆ ಎಬ್ಬಿಸಲಿಲ್ಲ, ಮುಚ್ಚಿದ್ದನ್ನ ತೊಳೆದೆ. ನಿನ್ನ ಪಾಲಿಗಿರೋದು ಆ ಒಂದು ಗೀರು.

— ಹದಿನೈದು ದಿನ ಚಿಕ್ಕಪ್ಪ! ಬಂದ ತಕ್ಷಣ ಹೇಳಬಹುದಿತ್ತಲ್ಲ?

— ಹೇಳಿದ್ದರೆ ಗೀರಿಗೆ ಪೇಸ್ಟ್ ಹಚ್ಚಿಕೊಂಡು ಹೋಗ್ತಿದ್ದೆ. ಮೇಜಿನ ಖಾನೆಯಲ್ಲಿ ಇಂಕಿನ ಬಾಟಲಿ ಇದೆ ನೋಡು. ಒಂದು ಬೆಂಕಿಕಡ್ಡಿ ಚೂಪಾಗಿ ಕೆತ್ತು, ಸೂಜಿ ಬೇಡ, ಅದೂ ಗೀರುತ್ತೆ.

— ಗೀರಿಗೂ ಹಚ್ಚಲಾ?

— ಬೇಡ. ಅದು ಅಷ್ಟು ಆಳ ಇಲ್ಲ. ಹಚ್ಚೋಕೆ ಹೋದರೆ ಇಂಕು ಗೀರಿಗಿಂತ ಅಗಲಕ್ಕೆ ಹರಿದು ಕೂರುತ್ತೆ. ಅದನ್ನ ಹಾಗೇ ಬಿಡು. ಗುಳಿಗೆ ಮಾತ್ರ. ಮೊದಲು ಬ್ಲೋವರಿನಲ್ಲಿ ಊದು.

— ಊದಿದೆ. ನೀವೇ ಹಚ್ಚಿ.

— ನನ್ನ ಕೈ ನೋಡು, ಚಹಾ ಲೋಟವೇ ಕುಣಿಯುತ್ತೆ. ನೀನೇ ಹಚ್ಚು. ಮಣಿಕಟ್ಟು ಮೇಜಿಗೆ ಒರಗಿಸ್ಕೋ. ಕಡ್ಡಿ ತುದಿಗೆ ಬರೀ ತೇವ ಆದ್ರೆ ಸಾಕು, ಹನಿ ಜೋತಾಡಬಾರದು. ಹೆಚ್ಚಾಗಿದ್ದನ್ನ ಬಾಟಲಿ ಬಾಯಿಗೆ ಸವರು. ನಾನು ಟಾರ್ಚ್ ಹಿಡೀತೀನಿ.

— ಕಾಣ್ತಿಲ್ಲ, ಇನ್ನೂ ಸ್ವಲ್ಪ ಎಡಕ್ಕೆ.

— ಈಗ?

— ಹಾಂ, ಹಾಗೇ ಇರಿ. ಉಸಿರು ಬಿಡಬೇಡಿ, ಗಾಜಿನ ಮೇಲೆ ಆವಿ ಕೂರ್ತಿದೆ.